ಕಾಡ್ಗಿಚ್ಚಿನಂತೆ ಹಬ್ಬದ ಕಾಡ್ಗಿಚ್ಚು

ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ‘ಕಾಡ್ಗಿಚ್ಚಿನಂತೆ’ ಎಂಬ ಮಾತು ಐದು ಸಲ ಬಂದಿತ್ತು. ಚಳವಳಿ ಕಾಡ್ಗಿಚ್ಚಿನಂತೆ ಹಬ್ಬಿತು, ಹೊಸ ಅರಿವು ಕಾಡ್ಗಿಚ್ಚಿನಂತೆ ಆವರಿಸಿತು, ಹೀಗೆ. ಬರೆಯುವಾಗ ನನಗಾಗಲೀ ಓದುವಾಗ ಮಾರ್ಗದರ್ಶಕರಿಗಾಗಲೀ ಅದು ತಪ್ಪೆನಿಸಿರಲಿಲ್ಲ. ಕಳೆದ ಜನವರಿಯಲ್ಲಿ ಹಳಿಯಾಳದ ಹತ್ತಿರದ ಊರೊಂದರಲ್ಲಿ ಹೊಸ ಬೆಂಕಿ ಕಾವಲುಗಾರರಿಗೆ ಒಂದು ದಿನದ ತರಬೇತಿ ನಡೆಯಿತು. ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಮನೆಗೆ ಬಂದವಳು ಆ ಐದೂ ಕಡೆ ಪೆನ್ಸಿಲಿನಿಂದ ಗೆರೆ ಎಳೆದೆ. ಈ ಬರಹ ಆ ಗೆರೆಗಳ ಬಗ್ಗೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಬೇಸಿಗೆ ಎಂದರೆ ಬೆಂಕಿಯ ಹಂಗಾಮು. ಆ ಕೆಲವು ತಿಂಗಳುಗಳಿಗೆಂದು ಅರಣ್ಯ ಇಲಾಖೆ ಊರಿನವರನ್ನೇ ದಿನಗೂಲಿಯ ಮೇಲೆ ತೆಗೆದುಕೊಳ್ಳುತ್ತದೆ. ಜನ ಅವರನ್ನು ‘ಫೈರ್ ವಾಚರ್’ ಅಂತಲೇ ಕರೆಯುತ್ತಾರೆ. ಕಾಯಂ ನೌಕರರಾದ ಗಸ್ತು ಅರಣ್ಯ ಪಾಲಕರಿಗೆ ಧಾರವಾಡದ ಬಳಿಯ ಗುಂಗರಗಟ್ಟಿಯ ಅಕಾಡೆಮಿಯಂಥ ಕಡೆ ದೀರ್ಘ ತರಬೇತಿ ಇರುತ್ತದೆ. ನಾನು ಕಂಡ ವಾಚರುಗಳಿಗೆ ಸಿಕ್ಕಿದ್ದು ಆ ಒಂದು ದಿನ.

ಪಾಠ ಸರಳವಾಗಿತ್ತು. ಬೆಂಕಿಗೆ ಮೂರು ಬೇಕು: ಶಾಖ, ಗಾಳಿ, ಉರಿಯುವ ವಸ್ತು. ಕಾಡಿನಲ್ಲಿ ಮೊದಲೆರಡು ನಮ್ಮ ಕೈಯಲ್ಲಿಲ್ಲ, ಮೂರನೆಯದನ್ನು ತೆಗೆಯಬಹುದು. ಅದಕ್ಕೇ ಬಿಸಿಲು ಏರುವ ಮೊದಲೇ ಬೆಂಕಿ ರೇಖೆ ಮಾಡುವುದು, ಅಂದರೆ ಉದ್ದನೆಯ ಪಟ್ಟಿಯಾಗಿ ಹುಲ್ಲು, ದರಕು ತೆಗೆದು, ಗಾಳಿ ಕಡಿಮೆ ಇರುವ ಹೊತ್ತು ನೋಡಿ, ಕಾವಲಿದ್ದು ಸುಡುವುದು. ನಮ್ಮ ಕಾಡಿನ ಬೆಂಕಿ ಹೆಚ್ಚಾಗಿ ಮರದ ತಲೆಯಿಂದ ತಲೆಗೆ ಹಾರುವುದಲ್ಲ, ನೆಲದ ಮೇಲಿನ ದರಕನ್ನು ತಿನ್ನುತ್ತಾ ಸಾಗುವುದು. ಅದನ್ನು ಹಸಿ ಸೊಪ್ಪಿನ ಟೊಂಗೆಯಿಂದ ಬಡಿಯಬೇಕು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರಿ ನಮ್ಮ ಬೆನ್ನ ಹಿಂದೆ ಹೊತ್ತಿಕೊಳ್ಳುತ್ತದೆ. ಒತ್ತಿ, ಸುಟ್ಟ ಜಾಗದ ಕಡೆಗೆ ಗುಡಿಸಿದಂತೆ ಬಡಿಯಬೇಕು. ಬೆಂಕಿಯ ಮುಂದೆ ನಿಲ್ಲಬಾರದು, ಸುಟ್ಟ ನೆಲ ಕಾಲಿಗೆ ಸಿಗುವಂತೆ ಬದಿಯಿಂದ ಹೋಗಬೇಕು. ನೈಲಾನ್ ಬಟ್ಟೆ ಬೇಡ, ಹತ್ತಿಯದಿರಲಿ. ಬೆಂಕಿ ಆರಿತೆಂದು ಮನೆಗೆ ಹೋಗಬಾರದು. ಬೊಡ್ಡೆಯಲ್ಲಿ, ಬಿದ್ದ ಕೊರಡಿನಲ್ಲಿ ಕೆಂಡ ಕೂತಿರುತ್ತದೆ.

ಹಲವು ಬೇಸಿಗೆ ಬೆಂಕಿ ಬಡಿದ ಗೌಳಿ ಹಿರಿಯರೊಬ್ಬರು ಹೊಸಬರ ನಡುವೆ ಕೂತಿದ್ದರು. “ಕಾಕಾ, ಬೆಂಕಿ ಎಷ್ಟು ಜೋರು ಬರ್ತದ?” ಎಂದು ಕೇಳಿದೆ. “ಸಪಾಟ ಜಾಗದಾಗ ನಡಕೋತ ಬರ್ತದ ತಂಗಿ. ಏರು ಸಿಕ್ಕಿತಂದ್ರ ಓಡ್ತದ” ಎಂದರು. ಅಗ್ನಿಶಾಸ್ತ್ರದ ಸ್ಥೂಲ ಲೆಕ್ಕವೂ ಇದನ್ನೇ ಹೇಳುತ್ತದೆ: ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿ. ಕಾಡು ಬದಲಾದರೂ ಬೆಂಕಿ ಬದಲಾಗುತ್ತದೆ. ಜೋಯಿಡಾದ ಒದ್ದೆ ಕಣಿವೆಗಳಲ್ಲಿ ಅದು ತಾನಾಗಿಯೇ ಸೊರಗಬಹುದು. ಹಳಿಯಾಳದ ಸಾಗುವಾನಿ ತೋಪುಗಳಲ್ಲಿ ಅಗಲವಾದ ಎಲೆ ಒಣಗಿ ಹಾಸಿಕೊಂಡಿರುತ್ತದೆ. ದಾಂಡೇಲಿಯಲ್ಲಿ ಒಣ ಬಿದಿರು. ಬಯಲುಸೀಮೆಗೆ ಅಂಟಿಕೊಂಡ ಮುಂಡಗೋಡದಲ್ಲಿ ಹುಲ್ಲು. ‘ಕಾಡ್ಗಿಚ್ಚಿನಂತೆ’ ಎನ್ನುವಾಗ ನಾವು ಯಾವ ಕಾಡಿನ, ಯಾವ ಹೊತ್ತಿನ ಕಿಚ್ಚನ್ನು ಹೇಳುತ್ತಿದ್ದೇವೆ? ನಮ್ಮ ರೂಪಕದ ಬೆಂಕಿಗೆ ನೆಲವಿಲ್ಲ, ದಿಕ್ಕಿಲ್ಲ, ಹಚ್ಚಿದವರಿಲ್ಲ, ಆರಿಸಿದವರೂ ಇಲ್ಲ.

ಈ ಕೊರತೆ ಇಂದಿನದಲ್ಲ. ಕನ್ನಡ ಕಾವ್ಯದ ಬಹುದೊಡ್ಡ ಕಾಡಿನ ಬೆಂಕಿ ಖಾಂಡವವನದ್ದು. ಪಂಪನಲ್ಲೂ ಕುಮಾರವ್ಯಾಸನಲ್ಲೂ ಅದು ಬರುತ್ತದೆ. ಬನವಾಸಿಯನ್ನು ಅಷ್ಟು ಪ್ರೀತಿಸಿದ ಪಂಪನ ನಾಡಿಗೆ ಮುಂಡಗೋಡ ಪಕ್ಕದ ಸೀಮೆ. ಅಗ್ನಿಯ ಹಸಿವು ತಣಿಸಲು ಅರ್ಜುನ ಮತ್ತು ಕೃಷ್ಣ ಕಾಡನ್ನು ಸುತ್ತುವರಿಯುತ್ತಾರೆ. ಇಂದ್ರನ ಮಳೆಯನ್ನು ಅರ್ಜುನನ ಬಾಣಗಳು ತಡೆಯುತ್ತವೆ. ತರಬೇತಿ ಕೇಳಿ ಬಂದ ಮೇಲೆ ಈ ಪ್ರಸಂಗ ನನಗೆ ತಲೆಕೆಳಗಾದ ಬೆಂಕಿ ರೇಖೆಯಂತೆ ಕಂಡಿತು. ವಾಚರ್ ಕಾಡಿನ ಅಂಚಿನಲ್ಲಿ ನಿಲ್ಲುವುದು ಬೆಂಕಿ ದಾಟದಿರಲೆಂದು. ಖಾಂಡವದ ವೀರರು ನಿಂತದ್ದು ಜೀವಿಗಳು ದಾಟದಿರಲೆಂದು. ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಈ ಕ್ರೌರ್ಯವನ್ನು ಪ್ರಶ್ನಿಸಿದ್ದಾರೆ. ನಮ್ಮ ತರಗತಿಗಳಲ್ಲಿ ಮಾತ್ರ ಅದಿನ್ನೂ ಹೆಚ್ಚಾಗಿ ವರ್ಣನೆಯ ಸೊಬಗಾಗಿಯೇ ಪಾಠವಾಗುತ್ತದೆ. ಜನಪದ ನಂಬಿಕೆ ಹಚ್ಚಿದವರನ್ನೂ ಅಳಿಸಿಬಿಡುತ್ತದೆ: ಬಿದಿರಿಗೆ ಬಿದಿರು ತಿಕ್ಕಿ ಕಾಡು ಹೊತ್ತಿಕೊಂಡಿತು ಎನ್ನುತ್ತೇವೆ. ನಮ್ಮ ಕಾಡುಗಳ ಬಹುಪಾಲು ಬೆಂಕಿಗೆ ಮನುಷ್ಯರೇ ಕಾರಣ ಎಂಬುದು ತರಬೇತಿಯ ಮೊದಲ ಪಾಠ.

ಬೆಂಕಿಯ ಕೆಲಸವನ್ನು ಸಾಹಿತ್ಯ ಬರೆಯಲಾರದೇ? ಅಮೆರಿಕದ ನಾರ್ಮನ್ ಮೆಕ್ಲೀನ್ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಮೇಷ್ಟರಾಗಿದ್ದವರು. 1949ರ ಆಗಸ್ಟ್ 5ರಂದು ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಬೆಂಕಿ ಆರಿಸಲು ಹೋಗಿ 13 ಮಂದಿ ಸತ್ತ ಘಟನೆಯ ಬೆನ್ನುಹತ್ತಿ ಮುಪ್ಪಿನ ವರ್ಷಗಳನ್ನು ಕಳೆದರು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1992ರಲ್ಲಿ, ‘ಯಂಗ್ ಮೆನ್ ಅಂಡ್ ಫೈರ್’ ಪ್ರಕಟವಾಯಿತು. ಅಂದು ಬೆಂಕಿ ಹುಲ್ಲಿನ ಏರಿನಲ್ಲಿ ಬೆನ್ನಟ್ಟಿ ಬರುತ್ತಿದ್ದಾಗ ತಂಡದ ನಾಯಕ ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಸುಟ್ಟ ಬೂದಿಯೊಳಗೆ ಬನ್ನಿರೆಂದು ಉಳಿದವರನ್ನು ಕರೆದ. ಯಾರೂ ಹೋಗಲಿಲ್ಲ. ಹಾಗೊಂದು ಉಪಾಯವಿದೆಯೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಡಾಡ್ಜ್ ಬೂದಿಯಲ್ಲಿ ಬೋರಲು ಮಲಗಿ ಬದುಕಿದ. ಮೆಕ್ಲೀನ್ ಇಲ್ಲಿ ದುರಂತದ ವೈಭವ ಹುಡುಕುವುದಿಲ್ಲ. ಇಳಿಜಾರು, ಗಾಳಿ, ನಿಮಿಷಗಳನ್ನು ಲೆಕ್ಕ ಹಾಕುತ್ತಾರೆ. ಅಲ್ಲಿ ಕಣ್ಣೀರು ತರಿಸುವುದು ಆ ಲೆಕ್ಕವೇ.

ನಮ್ಮಲ್ಲಿಯೂ ಸಾವುಗಳಿವೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಜೀವ ಕಳೆದುಕೊಂಡರು. ಉಪಗ್ರಹ ಕಂಡ ಬೆಂಕಿಯ ಸುದ್ದಿ ಇಂದು ಮೊಬೈಲಿಗೆ ಬರುತ್ತದೆ. ಆಮೇಲೆ ಅಲ್ಲಿಗೆ ಒಬ್ಬರು ನಡೆದೇ ಹೋಗಬೇಕು. ಆ ನಡಿಗೆಯನ್ನು ನಮ್ಮ ಗದ್ಯ ಮೆಕ್ಲೀನರಷ್ಟು ತಾಳ್ಮೆಯಿಂದ ಲೆಕ್ಕ ಹಾಕಿದ್ದನ್ನು ನಾನು ಓದಿಲ್ಲ.

ಹಾಗೆಂದು ತರಬೇತಿಯ ಭಾಷೆಯನ್ನು ವಿಮರ್ಶೆಯಿಲ್ಲದೆ ಒಪ್ಪಲಾರೆ. ಬೆಂಕಿಯ ಬಗ್ಗೆ ಅಷ್ಟು ನಿಖರವಾಗಿದ್ದ ಆ ಭಾಷೆ ಮನುಷ್ಯರ ಬಗ್ಗೆ ಬಂದಾಗ ಒಂದೇ ಪದಕ್ಕೆ ಜಾರಿತು: ‘ಕಿಡಿಗೇಡಿಗಳು’. ಹೊಸ ಹುಲ್ಲು ಚಿಗುರಲೆಂದು ಸುಟ್ಟವರು, ಜೇನು ಬಿಡಿಸಲು ಸೂಡಿ ಹಚ್ಚಿದವರು, ಗದ್ದೆಯ ಬದುವಿಗೆ ಇಟ್ಟ ಬೆಂಕಿ ಕೈತಪ್ಪಿದವರು, ಬೀಡಿ ಎಸೆದ ಪ್ರವಾಸಿಗರು, ಎಲ್ಲರೂ ಒಂದೇ ಬುಟ್ಟಿಗೆ. ಎದುರಿಗೆ ಕೂತಿದ್ದವರು ಗೌಳಿಗರು, ಕುಣಬಿಯರು, ಸಿದ್ದಿಗಳು. ಅನೇಕರ ಮನೆಮಾತು ಮರಾಠಿ ಅಥವಾ ಕೊಂಕಣಿ. ಈ ಸೀಮೆಯ ಕುಮರಿ ಬೇಸಾಯವನ್ನು ಬ್ರಿಟಿಷ್ ಆಡಳಿತ 19ನೆಯ ಶತಮಾನದಲ್ಲಿ ಹತ್ತಿಕ್ಕಿತು. ಯಾವಾಗ, ಎಷ್ಟು ಸುಡಬೇಕೆಂದು ಬಲ್ಲವರ ತಿಳಿವಳಿಕೆ ಅಂದಿನಿಂದ ಅಪರಾಧದ ಪಟ್ಟಿ ಸೇರಿತು. ಅದೇ ಸಮುದಾಯಗಳ ಮಕ್ಕಳಿಗೆ ಇಂದು ಬೆಂಕಿ ರೇಖೆ ಸುಡುವುದನ್ನು ಹೊಸ ವಿದ್ಯೆಯೆಂಬಂತೆ ಕಲಿಸಲಾಗುತ್ತಿದೆ. ಕಾಕಾ ಇಡೀ ದಿನ ಕೇಳುವವರ ಸಾಲಿನಲ್ಲೇ ಇದ್ದರು. ಅವರನ್ನು ಯಾರೂ ಮುಂದೆ ಕರೆದು ಮಾತಾಡಿಸಲಿಲ್ಲ.

ನನ್ನ ಪ್ರಬಂಧದ ಐದು ‘ಕಾಡ್ಗಿಚ್ಚು’ಗಳಲ್ಲಿ ನಾಲ್ಕನ್ನು ಹೊಡೆದುಹಾಕಿದೆ. ವಾಕ್ಯಗಳಿಗೇನೂ ನಷ್ಟವಾಗಲಿಲ್ಲ. ಐದನೆಯದು, ಚಳವಳಿಯೊಂದು ಒಂದೂರಿನಿಂದ ಇನ್ನೊಂದೂರಿಗೆ ಹಬ್ಬಿದ್ದರ ಬಗ್ಗೆ, ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅದು ತಾನಾಗಿ ಹಬ್ಬಿರಲಿಲ್ಲ. ಯಾರೋ ಕರಪತ್ರ ಹೊತ್ತು ಬಸ್ಸು ಹತ್ತಿದ್ದರು, ಯಾರೋ ಜಗಲಿಯಲ್ಲಿ ಸಭೆ ಕರೆದಿದ್ದರು, ಯಾವುದೋ ಊರಿನಲ್ಲಿ ಯಾರೋ ತಡೆದಿದ್ದರು. ಅವರು ಯಾರೆಂದು ಹುಡುಕುವ ಕಷ್ಟದಿಂದ ಆ ಒಂದು ಪದ ನನ್ನನ್ನು ಪಾರುಮಾಡಿತ್ತು. ಆ ವಾಕ್ಯದ ಜಾಗವನ್ನು ಸದ್ಯ ಖಾಲಿ ಬಿಟ್ಟಿದ್ದೇನೆ. ಮುಂದಿನ ವಾರ ಮತ್ತೆ ಹಳೆಯ ಕಡತಗಳ ಮುಂದೆ ಕೂರಬೇಕು.