ಪದದ ಬೇರು, ಬೈಯುವ ಬಾಯಿ

'ಹೊಲೆಯ' ಎಂಬುದು 'ಹೊಲ'ದಿಂದ ಬಂದ ಪದ, ಹೊಲೆಯರು ಈ ನೆಲದ ಮೂಲ ಒಡೆಯರು ಎಂಬ ವಾದವನ್ನು ತರಗತಿಯಲ್ಲಿ ಉತ್ಸಾಹದಿಂದ ವಿವರಿಸುತ್ತಿದ್ದೆ. 'ಹೊಲೆ' ಅಂದರೆ ಮೈಲಿಗೆ, ಪದ ಅಲ್ಲಿಂದ ಹುಟ್ಟಿತು ಎನ್ನುವವರಿಗೆ ಇದೇ ಉತ್ತರ ಎಂದು ನಂಬಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಇದು ಗೊತ್ತಾದ್ರೆ ಬೈಯೋದು ಬಿಡ್ತಾರಾ?" ಅಂದ. ನಾನು ಪೆಚ್ಚಾದೆ.

ಬೇರಿನಲ್ಲಿ ಯಾವ ಕೊಳಕೂ ಇಲ್ಲದೆ ಬೈಗುಳವಾದ ಪದಗಳು ಬೇಕಾದಷ್ಟಿವೆ. ತಮಿಳಿನ 'ಪರೈ' ಒಂದು ಚರ್ಮವಾದ್ಯ. 'ಪರೈಯರ್' ಎಂಬ ಜಾತಿಯ ಹೆಸರನ್ನು ಸಾಮಾನ್ಯವಾಗಿ ಅದಕ್ಕೇ ಜೋಡಿಸುತ್ತಾರೆ. ಆ ಹೆಸರು ಇಂಗ್ಲಿಷಿಗೆ ಹೋಗಿ 'ಪರಿಯಾ' ಆಯಿತು. ಎಲ್ಲರೂ ದೂರವಿಟ್ಟವನು ಎಂಬ ಅರ್ಥ ಪಡೆಯಿತು. ಇವತ್ತಿಗೂ ಇಂಗ್ಲಿಷ್ ಪತ್ರಿಕೆಗಳು ಬಹಿಷ್ಕೃತ ದೇಶವನ್ನು 'ಪರಿಯಾ ಸ್ಟೇಟ್' ಎಂದು ಬರೆಯುತ್ತವೆ. ಜೀವಂತ ಸಮುದಾಯವೊಂದರ ಹೆಸರು ಹಿಡಿದು ಬೈಯುತ್ತಿದ್ದೇವೆ ಎಂಬ ಅಳುಕು ಅಲ್ಲಿಲ್ಲ.

'ಕೂಲಿ' ನಮಗೆ ದುಡಿಮೆಯ ಬೆಲೆ. 1860ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯರಿಗೆ ಬಿಳಿಯರು ಅದನ್ನೇ ಹೆಸರಾಗಿ ಅಂಟಿಸಿದರು. 1893ರಲ್ಲಿ ಅಲ್ಲಿಗೆ ಹೋದ ಗಾಂಧಿಯೂ 'ಕೂಲಿ ಬ್ಯಾರಿಸ್ಟರ್' ಆದರು. ಊರಲ್ಲಿ ಬೇರೆಯವರನ್ನು ಜಾತಿ ಹಿಡಿದು ಕರೆಯುತ್ತಿದ್ದ ಸವರ್ಣೀಯನಿಗೂ ಕಡಲಾಚೆ ಆ ಏಟಿನ ರುಚಿ ತಿಳಿಯಿತು.

'ಗೌರ್ಮೆಂಟ್ ಬ್ರಾಹ್ಮಣ' ಇನ್ನೂ ನಾಜೂಕಿನದು. ಎರಡರಲ್ಲಿ ಯಾವ ಪದ ಕೀಳು? ಯಾವುದೂ ಅಲ್ಲ. ಕೂಡಿಸಿ ಮೀಸಲಾತಿ ಪಡೆದವನ ಮುಖಕ್ಕೆ ಎಸೆದಾಗ ಮಾತ್ರ ಅದು ಬೈಗುಳ. ಬೈಗುಳವನ್ನು ಹುಟ್ಟಿಸುವುದು ಪದದ ಬೇರಲ್ಲ, ಆಡುವವನ ಯಜಮಾನಿಕೆ.

ಕಾನೂನು ಇದನ್ನು ವಿದ್ವಾಂಸರಿಗಿಂತ ಚೆನ್ನಾಗಿ ಅರಿತಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು, ನಾಲ್ಕು ಜನರ ಕಣ್ಣೆದುರು ಪರಿಶಿಷ್ಟರನ್ನು ಜಾತಿ ಹೆಸರಿನಿಂದ ಬೈಯುವುದನ್ನು ಸ್ಪಷ್ಟವಾಗಿ ಅಪರಾಧವೆಂದಿತು. ಬೈದವನು ಪರಿಶಿಷ್ಟರ ಹೊರಗಿನವನಾಗಿರಬೇಕು. ಅದು ನಿಘಂಟು ತೆರೆಯುವುದಿಲ್ಲ. ಯಾರು ಯಾರಿಗೆ ಅಂದರು ಎಂದು ಕೇಳುತ್ತದೆ.

ಸಾಹಿತ್ಯದಲ್ಲಿ ಇದನ್ನು ಅರಿತವರು ದಲಿತ ಲೇಖಕರು. ಸಿದ್ದಲಿಂಗಯ್ಯ 1975ರಲ್ಲೇ ತಮ್ಮ ಸಂಕಲನವನ್ನು 'ಹೊಲೆಮಾದಿಗರ ಹಾಡು' ಎಂದು ಕರೆದರು. ಅರವಿಂದ ಮಾಲಗತ್ತಿ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಕುಹಕವನ್ನೇ ಆತ್ಮಕಥೆಯ ಹೆಸರಾಗಿಸಿದರು. ಇಬ್ಬರೂ ಪದವನ್ನು ತೊಳೆಯಲು ಹೋಗಲಿಲ್ಲ. ಆಡುವ ಬಾಯನ್ನೇ ಬದಲಿಸಿದರು.

ಹಾಗಂತ ಹುಡುಗನ ಪ್ರಶ್ನೆ ತೀರಲಿಲ್ಲ. ಬೈಯುವವರು ಬಿಟ್ಟಿಲ್ಲ ಕಣಪ್ಪ. ಆದರೆ ನಮ್ಮ ಹೆಸರಿಗೆ ಒಳ್ಳೆಯ ಬೇರು ಹುಡುಕಿ, ಅವರೆದುರು ಸಾಕ್ಷಿ ನುಡಿಯುವ ಕೆಲಸ ನಮ್ಮದಲ್ಲ. ಯಾಕೆ ಅಂದೆ ಅಂತ ಉತ್ತರ ಕೊಡಬೇಕಾದವನು ಅಂದವನು.