ಅಳಿಸಿದ ಹಿಮ್ಮುಖ ದಾರಿಗಳು: ಲಾರಾ ಇಂಗಲ್ಸ್ ವೈಲ್ಡರ್ ಕೃತಿಸರಣಿಯಲ್ಲಿ ನೆಲೆ ಮತ್ತು ಅಲೆತ

ಲಾರಾ ಇಂಗಲ್ಸ್ ವೈಲ್ಡರ್ ಅವರ ಎಂಟು ಪುಸ್ತಕಗಳು 1932ರಿಂದ 1943ರ ನಡುವೆ ಪ್ರಕಟವಾದವು. ಗಂಡನ ಬಾಲ್ಯವನ್ನು ಹೇಳುವ 'ಫಾರ್ಮರ್ ಬಾಯ್' ಒಂದನ್ನು ಬಿಟ್ಟು ಉಳಿದವನ್ನು ಅನುಕ್ರಮವಾಗಿ ಓದಿದವರ ಮನಸ್ಸಿನಲ್ಲಿ ಒಂದು ಸರಳವಾದ ಭೂಪಟ ಮೂಡುತ್ತದೆ. ವಿಸ್ಕಾನ್ಸಿನ್‌ನ ದೊಡ್ಡ ಕಾಡಿನಿಂದ ಹೊರಟ ಕಮಾನುಗಾಡಿ ಕ್ಯಾನ್ಸಸ್‌ನ ಹುಲ್ಲುಗಾವಲಿಗೆ, ಅಲ್ಲಿಂದ ಮಿನೆಸೋಟದ ಪ್ಲಮ್ ತೊರೆಯ ದಂಡೆಗೆ, ಕೊನೆಗೆ ಡಕೋಟ ಪ್ರಾಂತ್ಯದ ಸಿಲ್ವರ್ ಸರೋವರದ ಬಳಿಗೆ ಬಂದು ನಿಲ್ಲುತ್ತದೆ. ಹೊರಟ ಸ್ಥಳಕ್ಕೆ ಗಾಡಿ ಎಂದೂ ಮರಳುವುದಿಲ್ಲ. ಪ್ರತಿ ಸಲವೂ ಹೊರಡುವ ನಿರ್ಧಾರ ತಂದೆ ಚಾರ್ಲ್ಸ್ ಇಂಗಲ್ಸನದು; ಪ್ರತಿ ಸಲವೂ ಆತನ ಪಿಟೀಲು ಮುಂದಿನ ಬಯಲಿನ ಕನಸನ್ನು ನುಡಿಸುತ್ತದೆ.

ದಾಖಲೆಗಳು ತೋರಿಸುವ ಭೂಪಟ ಹೀಗಿಲ್ಲ. ಲಾರಾ ಹುಟ್ಟಿದ್ದು 1867ರ ಫೆಬ್ರವರಿ 7ರಂದು, ವಿಸ್ಕಾನ್ಸಿನ್‌ನ ಪೆಪಿನ್ ಬಳಿ. ಮರುವರ್ಷವೇ ಕುಟುಂಬ ಜಮೀನನ್ನು ಕಂತಿನ ಮೇಲೆ ಮಾರಿ ಮಿಸೂರಿಯ ಚಾರಿಟನ್ ಕೌಂಟಿಯ ಕಡೆ ಮುಖಮಾಡಿತು. 1869ರ ವೇಳೆಗೆ ಕ್ಯಾನ್ಸಸ್‌ನಲ್ಲಿತ್ತು. 1871ರಲ್ಲಿ ಅದೇ ಪೆಪಿನ್‌ಗೆ, ಅದೇ ಮರದ ದಿಮ್ಮಿಗಳ ಮನೆಗೆ ಮರಳಿ ಬಂತು. 1874ರಲ್ಲಿ ಮಿನೆಸೋಟದ ವಾಲ್ನಟ್ ಗ್ರೋವ್, 1876ರಲ್ಲಿ ಪೂರ್ವಕ್ಕೆ ತಿರುಗಿ ಅಯೊವಾದ ಬರ್ ಓಕ್, 1877ರಲ್ಲಿ ಮತ್ತೆ ವಾಲ್ನಟ್ ಗ್ರೋವ್, 1879ರಲ್ಲಿ ಡಕೋಟ. ಮಗಳಿಗೆ ಹದಿಮೂರು ತುಂಬುವ ಮೊದಲೇ ಇಷ್ಟು ಸ್ಥಳಾಂತರಗಳು. ಊರೊಳಗೇ ಬದಲಾಯಿಸಿದ ಬಾಡಿಗೆ ಮನೆಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಎರಡು ಭೂಪಟಗಳನ್ನು ಒಂದರ ಮೇಲೊಂದಿಟ್ಟರೆ ವ್ಯತ್ಯಾಸ ಎಲ್ಲಿದೆಯೆಂಬುದು ತಾನಾಗಿಯೇ ಕಾಣುತ್ತದೆ. ಕಾದಂಬರಿಗಳಲ್ಲಿ ಕಾಣೆಯಾಗಿರುವವು ಮುಖ್ಯವಾಗಿ ಹಿಮ್ಮುಖ ಪಯಣಗಳು: ಕ್ಯಾನ್ಸಸ್‌ನಿಂದ ವಿಸ್ಕಾನ್ಸಿನ್‌ಗೆ ಒಂದು, ಮಿನೆಸೋಟದಿಂದ ಅಯೊವಾಕ್ಕೆ ಇನ್ನೊಂದು. ಈ ಎರಡೂ ಸಲ ಕುಟುಂಬವನ್ನು ನಡೆಸಿದ್ದು ಕನಸಲ್ಲ, ಬಾಕಿ ಹಣ. ವಿಮರ್ಶೆ ಸಾಮಾನ್ಯವಾಗಿ ಈ ಬದಲಾವಣೆಗಳನ್ನು ಮಕ್ಕಳ ಸಾಹಿತ್ಯಕ್ಕೆ ಸಹಜವಾದ ಸರಳೀಕರಣವೆಂದು ಬಗೆದು ಮುಂದೆ ಹೋಗುತ್ತದೆ. ಆದರೆ ಇಲ್ಲಿ ಸರಳೀಕರಣಕ್ಕೆ ಒಂದು ದಿಕ್ಕಿದೆ. ಹಿಂದಿರುಗಿದ ದಾರಿಗಳನ್ನು ಅಳಿಸಿದ್ದರಿಂದಲೇ ಅಲೆತವೊಂದು 'ನೆಲೆಸುವಿಕೆ'ಯಾಗಿ ರೂಪಾಂತರಗೊಂಡಿದೆ.

ಬರ್ ಓಕ್ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 1930ರ ಸುಮಾರಿಗೆ ವೈಲ್ಡರ್ ಬರೆದ ಆತ್ಮಕಥನ 'ಪಯೊನಿಯರ್ ಗರ್ಲ್' ಆಗ ಪ್ರಕಾಶಕರನ್ನು ಕಾಣಲಿಲ್ಲ. ಪಮೇಲಾ ಸ್ಮಿತ್ ಹಿಲ್ ಅವರ ಟಿಪ್ಪಣಿಗಳೊಡನೆ ಅದು ಹೊರಬಂದದ್ದು 2014ರಲ್ಲಿ. ಕಾದಂಬರಿಗಳು ಬಿಟ್ಟ ಬಹಳಷ್ಟು ಸಂಗತಿಗಳು ಅದರಲ್ಲಿವೆ. ಅಯೊವಾಕ್ಕೆ ಹೋಗುವ ದಾರಿಯಲ್ಲಿ, 1876ರ ಆಗಸ್ಟ್‌ನಲ್ಲಿ, ಮನೆಯ ಏಕೈಕ ಗಂಡುಮಗು ಫ್ರೆಡ್ಡಿ ಒಂಬತ್ತು ತಿಂಗಳ ಪ್ರಾಯದಲ್ಲಿ ತೀರಿಕೊಂಡಿತು. ಬರ್ ಓಕ್‌ನಲ್ಲಿ ಕುಟುಂಬ ಒಂದು ಹೋಟೆಲ್ಲಿನ ಕೆಲಸಕ್ಕೆ ಕೈಜೋಡಿಸಿತು. ಅಲ್ಲಿನ ಬಾಗಿಲೊಂದರಲ್ಲಿ ಗುಂಡಿನ ತೂತುಗಳಿದ್ದವು. ವೈದ್ಯರೊಬ್ಬರ ಹೆಂಡತಿ ಲಾರಾಳನ್ನು ದತ್ತು ಕೊಡುವಂತೆ ಕ್ಯಾರೊಲಿನ್‌ಳನ್ನು ಕೇಳಿದಳು. ಕೊನೆಗೆ ಬಾಕಿ ತೀರಿಸಲಾರದೆ, ಗಾಡಿಯನ್ನೂ ಕುದುರೆಗಳನ್ನೂ ಕಳೆದುಕೊಳ್ಳುವ ಭಯದಿಂದ, ಕುಟುಂಬ ರಾತ್ರೋರಾತ್ರಿ ಊರು ಬಿಟ್ಟಿತು. ಇದರಲ್ಲಿ ಒಂದು ಸಾಲೂ ಕಾದಂಬರಿ ಸರಣಿಗೆ ಬರಲಿಲ್ಲ. ಕುಟುಂಬದ ಬಗ್ಗೆ ತಾನು ಬಿಡಿಸುತ್ತಿರುವ ಚಿತ್ರಕ್ಕೆ ಬರ್ ಓಕ್ ಹೊಂದುವುದಿಲ್ಲವೆಂಬುದು ಲೇಖಕಿಯ ನಿಲುವಾಗಿತ್ತು. ತಾನು ಹೇಳಿದ್ದೆಲ್ಲ ಸತ್ಯ, ಆದರೆ ಪೂರ್ಣ ಸತ್ಯವಲ್ಲ ಎಂಬರ್ಥದ ಮಾತನ್ನು 1937ರಲ್ಲಿ ಡೆಟ್ರಾಯಿಟ್‌ನ ಪುಸ್ತಕಮೇಳದಲ್ಲಿ ಆಕೆ ಬಹಿರಂಗವಾಗಿಯೇ ಆಡಿದರು. ಅಷ್ಟರಮಟ್ಟಿಗೆ ಅವರು ಓದುಗರನ್ನು ವಂಚಿಸಿದರೆನ್ನಲಾಗದು.

ಪೂರ್ವಕ್ಕೆ ಹೋಗುವುದು ಸರಣಿಯಲ್ಲಿ ಪೂರ್ತಿ ನಿಷಿದ್ಧವೂ ಅಲ್ಲ. 'ಆನ್ ದ ಬ್ಯಾಂಕ್ಸ್ ಆಫ್ ಪ್ಲಮ್ ಕ್ರೀಕ್' ಪುಸ್ತಕದಲ್ಲಿ ಮಿಡತೆಗಳು ಗೋಧಿಯನ್ನು ತಿಂದುಹಾಕಿದ ಮೇಲೆ ತಂದೆ ಸವೆದ ಬೂಟುಗಳಲ್ಲಿ ಪೂರ್ವಕ್ಕೆ ನಡೆದು ಹೋಗುತ್ತಾನೆ, ಪರರ ಹೊಲದಲ್ಲಿ ಕೊಯ್ಲಿನ ಕೂಲಿ ಮಾಡಿ ಹಣದೊಡನೆ ಮರಳುತ್ತಾನೆ. ಗಂಡಸು ಒಬ್ಬನೇ ಕೂಲಿಗಾಗಿ ಹೋಗಿಬರುವುದು ಸಾಹಸವಾಗುತ್ತದೆ. ಹೆಂಡತಿ ಮಕ್ಕಳೊಡನೆ ಹೋದರೆ ಸೋಲಾಗುತ್ತದೆ. ಅದೇ ಪುಸ್ತಕದ ಅತ್ಯಂತ ಭೀಕರ ಅಧ್ಯಾಯದಲ್ಲಿ ರೆಕ್ಕೆ ಬಲಿಯದ ಮರಿಮಿಡತೆಗಳು ಪಶ್ಚಿಮದತ್ತ ನಡೆಯತೊಡಗುತ್ತವೆ. ಮನೆ ಅಡ್ಡ ಬಂದರೂ ಬಳಸಿ ಹೋಗುವುದಿಲ್ಲ. ಗೋಡೆಯನ್ನು ಏರಿ, ತೆರೆದ ಕಿಟಕಿಯೊಳಗೆ ನುಗ್ಗಿ, ಹಾಗೆಯೇ ಮುಂದೆ ಸಾಗುತ್ತವೆ. ಇಡೀ ಸರಣಿಯಲ್ಲಿ ಎಲ್ಲಿಯೂ ತಿರುಗದೆ, ಅಡ್ಡ ಬಂದದ್ದನ್ನು ಲೆಕ್ಕಿಸದೆ ನೇರ ಪಶ್ಚಿಮಕ್ಕೆ ನಡೆದವು ಆ ಮಿಡತೆಗಳು ಮಾತ್ರ. ಅವುಗಳಿಂದ ನೊಂದ ಕುಟುಂಬ ನಿಜಜೀವನದಲ್ಲಿ ತೆರಳಿದ್ದು ಪೂರ್ವಕ್ಕೆ. ಲೇಖಕಿ ಈ ವ್ಯಂಗ್ಯವನ್ನು ಉದ್ದೇಶಿಸಿದ್ದರೋ ಇಲ್ಲವೋ, ಪಠ್ಯದಲ್ಲಿ ಅದು ಇದ್ದೇ ಇದೆ.

ಮಿಡತೆಯ ಆ ವರ್ಷಗಳಲ್ಲಿ, 1875ರಲ್ಲಿ, ಚಾರ್ಲ್ಸ್ ಇಂಗಲ್ಸ್ ತನ್ನಲ್ಲಿ ಏನೂ ಉಳಿದಿಲ್ಲವೆಂದು ಅಧಿಕಾರಿಗಳ ಮುಂದೆ ಸಹಿಹಾಕಿ ಸರ್ಕಾರಿ ನೆರವಿನ ಹಿಟ್ಟನ್ನು ಪಡೆದಿದ್ದ. ಕ್ಯಾರೊಲಿನ್ ಫ್ರೇಸರ್ ಅವರ 'ಪ್ರೇರಿ ಫೈರ್ಸ್' (2017) ಈ ಬಗೆಯ ದಾಖಲೆಗಳನ್ನು ಬಲುಶ್ರದ್ಧೆಯಿಂದ ಒಟ್ಟುಗೂಡಿಸಿದೆ. ಕಾದಂಬರಿಯಲ್ಲಿ ಆ ಹಿಟ್ಟಿಲ್ಲ. ದೃಷ್ಟಿ ಕಳೆದುಕೊಂಡ ಹಿರಿಯ ಮಗಳು ಮೇರಿ ಅಯೊವಾದ ವಿಂಟನ್‌ನಲ್ಲಿದ್ದ ಅಂಧರ ಕಾಲೇಜಿನಲ್ಲಿ ಓದಿದಳು. ಶುಲ್ಕವನ್ನು ಕೊಟ್ಟದ್ದು ಡಕೋಟ ಪ್ರಾಂತ್ಯದ ಸರ್ಕಾರ. ಕಾದಂಬರಿಗಳಲ್ಲಿ ಆ ಖರ್ಚಿನ ಭಾರವನ್ನು ಮನೆಯವರು, ವಿಶೇಷವಾಗಿ ಶಾಲೆ ಕಲಿಸಲು ಹೋದ ಲಾರಾ, ಹೊರುತ್ತಾರೆ. ಇಂಥ ಲೋಪಗಳಿಗೆಲ್ಲ ಮಗಳು ರೋಸ್ ವೈಲ್ಡರ್ ಲೇನ್ ಅವರ ಸರ್ಕಾರ ವಿರೋಧಿ ರಾಜಕೀಯವೇ ಕಾರಣವೆನ್ನುವುದು ಈಗ ರೂಢಿಯಾಗಿಬಿಟ್ಟಿದೆ. ಹಸ್ತಪ್ರತಿಗಳನ್ನು ತಿದ್ದುವಲ್ಲಿ ಆಕೆಯ ಪಾತ್ರ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಆದರೂ ಎಲ್ಲವನ್ನೂ ಮಗಳ ತಲೆಗೆ ಕಟ್ಟುವುದು ಅನುಕೂಲದ ಓದು. ಬಡತನದ ನಾಚಿಕೆಗೆ ರಾಜಕೀಯ ಸಿದ್ಧಾಂತ ಬೇಕಿಲ್ಲ. ಊರು ಬಿಟ್ಟ ರಾತ್ರಿಯನ್ನು ಮುಚ್ಚಿಡುವುದಕ್ಕೆ ಹತ್ತು ವರ್ಷದ ಹುಡುಗಿಯ ನೆನಪೇ ಸಾಕು.

ಆದರೆ ಕ್ಯಾನ್ಸಸ್‌ನ ವಿಷಯದಲ್ಲಿ ಅಳಿಸಿಹೋದದ್ದು ಒಂದು ಮನೆಯ ಮಾನವಷ್ಟೇ ಅಲ್ಲ. 'ಲಿಟಲ್ ಹೌಸ್ ಆನ್ ದ ಪ್ರೇರಿ' (1935) ಪುಸ್ತಕದ ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ ದೂರದಲ್ಲಿ, ಜನಸಂಪರ್ಕವಿಲ್ಲದ ಬಯಲಿನಲ್ಲಿದೆ. ನಿಜವಾದ ಮನೆ ಇದ್ದದ್ದು ಸುಮಾರು ಹದಿಮೂರು ಮೈಲಿ ದೂರದ ರಟ್ಲೆಂಡ್ ಟೌನ್‌ಶಿಪ್‌ನಲ್ಲಿ. 1870ರ ಜನಗಣತಿ ಆ ಕುಟುಂಬವನ್ನು ಅನೇಕ ನೆರೆಹೊರೆಯವರ ನಡುವೆ ದಾಖಲಿಸಿದೆ. ಮೂರನೆಯ ಮಗಳು ಕ್ಯಾರಿ ಹುಟ್ಟಿದ್ದೂ ಅಲ್ಲಿಯೇ, ಅದೇ ಆಗಸ್ಟ್‌ನಲ್ಲಿ. ಆ ನೆಲ ಓಸೇಜ್ ಜನಾಂಗಕ್ಕೆ ಒಪ್ಪಂದದ ಮೂಲಕ ಉಳಿದಿದ್ದ ಮೀಸಲು ಪ್ರದೇಶ. ಕರ್ನಾಟಕದ ಕಂದಾಯ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿನ ಬಿಳಿಯರದು ಸಾಗುವಳಿಯಲ್ಲ, ಒತ್ತುವರಿ.

ಓಸೇಜರ ಚಲನೆಗೆ ಒಂದು ಋತುಕ್ರಮವಿತ್ತು. ವಸಂತದಲ್ಲಿ ಹಳ್ಳಿಗಳ ಬಳಿ ಜೋಳ ಬಿತ್ತಿ, ಬೇಸಿಗೆಯಲ್ಲಿ ಪಶ್ಚಿಮದ ಬಯಲಿಗೆ ಕಾಡೆಮ್ಮೆಯ ಬೇಟೆಗೆ ಹೋಗಿ, ಕೊಯ್ಲಿಗೆ ಹಿಂದಿರುಗಿ, ಚಳಿಗಾಲದ ಮುನ್ನ ಮತ್ತೊಮ್ಮೆ ಬೇಟೆಗೆ ಹೊರಡುತ್ತಿದ್ದರು. ಹೋದವರು ಮರಳುತ್ತಿದ್ದರು, ಮರಳುವ ಊರು ನಿಶ್ಚಿತವಾಗಿತ್ತು. ಹಾಗೆ ಮರಳಿದವರು ತಮ್ಮ ಹಳೆಯ ಕಾಲುದಾರಿಯ ಪಕ್ಕದಲ್ಲೇ ಎದ್ದುನಿಂತ ಹೊಸ ಮನೆಯನ್ನು ಕಂಡು ಒಳಗೆ ಬರುತ್ತಾರೆ. ಕಾದಂಬರಿಯ ಕಣ್ಣಿಗೆ ಅದು ಅತಿಕ್ರಮಣ. ಎರಡು ವರ್ಷವೂ ನಿಲ್ಲದ ಕುಟುಂಬ ನೆಲೆಸಿದವರೆನಿಸಿಕೊಂಡಿತು. ವರ್ಷಕ್ಕೆರಡು ಬಾರಿ ತಮ್ಮ ಊರಿಗೇ ಮರಳುತ್ತಿದ್ದವರು ಅಲೆಮಾರಿಗಳೆನಿಸಿದರು. ಸರಣಿಯ ಭೂಪಟದಿಂದ ಹಿಂದಿರುಗುವಿಕೆಯನ್ನೇ ತೆಗೆದುಹಾಕಿದ ಮೇಲೆ ಓಸೇಜರ ಹಿಂದಿರುಗುವಿಕೆಗೆ ಅರ್ಥ ಕೊಡುವ ಸಾಧನವೂ ಕಥನದ ಬಳಿ ಉಳಿಯಲಿಲ್ಲ.

ಹೊರಡುವ ಕಾರಣವೂ ಬದಲಾಗಿದೆ. ಪುಸ್ತಕದಲ್ಲಿ ಸೈನಿಕರು ತೆರವುಗೊಳಿಸಲು ಬರುತ್ತಾರೆಂಬ ಸುದ್ದಿ ಕೇಳಿ ತಂದೆ ಸಿಟ್ಟಿನಿಂದ ಗಾಡಿ ಕಟ್ಟುತ್ತಾನೆ. ಸೈನಿಕರ ನೆನಪು ಆತ್ಮಕಥನದಲ್ಲೂ ಇದೆ. ಆದರೆ ಅಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕಾರಣವಿದೆ: ಪೆಪಿನ್‌ನ ಜಮೀನು ಕೊಂಡವನು ಹಣ ಕಟ್ಟಲಾರದೆ ಅದನ್ನು ಹಿಂದಿರುಗಿಸಿದ್ದ. ಕಾದಂಬರಿ ಎರಡರಲ್ಲಿ ಒಂದನ್ನು ಉಳಿಸಿಕೊಂಡಿತು. ವಾಸ್ತವವಾಗಿ 1870ರ ಶರತ್ಕಾಲದಲ್ಲಿ ಓಸೇಜರು ಕ್ಯಾನ್ಸಸ್ ಬಿಡಲು ಒಪ್ಪಿದ್ದರು. ಆ ನೆಲ ಎಕರೆಗೆ ಒಂದೂಕಾಲು ಡಾಲರಿನಂತೆ ಬಿಳಿಯರಿಗೆ ಸಿಗುವುದಿತ್ತು. ತಮ್ಮ ನೆಲ ಮಾರಿಬಂದ ಹಣದಿಂದಲೇ ಓಸೇಜರು ದಕ್ಷಿಣಕ್ಕೆ, ಇಂದಿನ ಒಕ್ಲಹೋಮದಲ್ಲಿ, ಚೆರೊಕಿಯರಿಂದ ಹೊಸ ನೆಲ ಕೊಂಡರು. ಹಣ ಕೊಟ್ಟು ನೆಲ ಪಡೆದವರು ಆದಿವಾಸಿಗಳು, ಕೊಡದೆ ಹಿಡಿದು ಬಿಟ್ಟುಹೋದವರು ಬಿಳಿಯರು ಎಂಬ ಸಂಗತಿ ಪುಸ್ತಕದ ನೀತಿಯನ್ನು ತಲೆಕೆಳಗು ಮಾಡುತ್ತದೆ. ಇಷ್ಟಾದರೂ ಓಸೇಜರು ಸಾಲಾಗಿ ಮನೆಯ ಮುಂದೆ ಹಾದುಹೋಗುವ ಅಧ್ಯಾಯ ಇಡೀ ಸರಣಿಯಲ್ಲೇ ಶ್ರೇಷ್ಠವಾದದ್ದು. ಆ ಸಾಲು ಮುಗಿದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಲೇಖಕಿಯ ವಾದಕ್ಕಿಂತ ಆಕೆಯ ನೋಟ ಪ್ರಾಮಾಣಿಕವಾಗಿತ್ತು.

ಇದೇ ಪುಸ್ತಕದ ಆರಂಭದ ಒಂದು ಪದ 1953ರ ಆವೃತ್ತಿಯಲ್ಲಿ ಬದಲಾಯಿತು. ಇಂಡಿಯನ್ನರು ಮಾತ್ರ ಇದ್ದ ಆ ನಾಡಿನಲ್ಲಿ 'ಜನ'ರೇ ಇರಲಿಲ್ಲವೆಂಬರ್ಥ ಬರುವ ವಾಕ್ಯಕ್ಕೆ ಓದುಗರೊಬ್ಬರು ಆಕ್ಷೇಪಿಸಿದ್ದರು, ವೈಲ್ಡರ್ ತಪ್ಪೊಪ್ಪಿಕೊಂಡರು, 'ಜನ' ಹೋಗಿ 'ಸೆಟ್ಲರ್‌ಗಳು' ಬಂದರು. ಕನ್ನಡಕ್ಕೂ ಬಂದಿರುವ ಈ ಸರಣಿಯನ್ನು ಎರಡು ಭಾಷೆಗಳಲ್ಲಿ ಓದಬಲ್ಲವರಿಗೆ ಈ ತಿದ್ದುಪಡಿಯ ತೊಡಕು ಬೇಗ ಹೊಳೆಯುತ್ತದೆ. 'ಸೆಟ್ಲರ್'ಗೆ 'ವಲಸಿಗ' ಎಂದರೆ ನಡಿಗೆ ಮಾತ್ರ ಕೇಳಿಸುತ್ತದೆ, ನೆಲ ಹಿಡಿದದ್ದು ಕೇಳಿಸುವುದಿಲ್ಲ. 'ನೆಲಸಿಗ' ಎಂದರೆ ಇಂಗಲ್ಸ್ ಕುಟುಂಬದ ಮಟ್ಟಿಗೆ ಅದು ಸುಳ್ಳು. 'ವಸಾಹತುಗಾರ' ಎಂದರೆ ನಿಜಕ್ಕೆ ಹತ್ತಿರ, ಆದರೆ ಆರು ವರ್ಷದ ಹುಡುಗಿಯ ಕಥೆಯಲ್ಲಿ ಆ ಪದ ಭಾರವಾಗುತ್ತದೆ. (ತಲೆಮಾರುಗಳಿಂದ ಒಂದೇ ಊರಿನಲ್ಲಿರುವ ಗಡಿನಾಡ ಕನ್ನಡಿಗರನ್ನೂ 'ವಲಸೆ ಬಂದವರು' ಎನ್ನುವುದನ್ನು ಕೇಳಿದವರಿಗೆ, ಇಂಥ ಪದಗಳಲ್ಲಿ ಯಾವುದೂ ತಟಸ್ಥವಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.) ಮೂಲದ ಇಂಗ್ಲಿಷ್ ಪದದಲ್ಲಿ ಅಡಗಿ ಕುಳಿತಿರುವ ವೈರುಧ್ಯವನ್ನು ಅನುವಾದ ಬೆಳಕಿಗೆ ತರುತ್ತದೆ.

ಸರಣಿಯೊಳಗೆ ಈ ವೈರುಧ್ಯವನ್ನು ಬಲ್ಲವಳು ತಾಯಿ. ಮದುವೆಗೆ ಮುನ್ನ ಶಾಲೆಯಲ್ಲಿ ಕಲಿಸಿದ್ದ ಕ್ಯಾರೊಲಿನ್‌ಗೆ ಮಕ್ಕಳು ಓದಬೇಕೆಂಬ ಹಟ. ಆಕೆಯ ಬಳಿ ಪಿಂಗಾಣಿಯ ಪುಟ್ಟ ಬೊಂಬೆಯೊಂದಿದೆ. ಕ್ಯಾನ್ಸಸ್‌ನಲ್ಲಿ ಗಂಡ ಬೆಂಕಿಗೂಡಿನ ಮೇಲೆ ಹಲಗೆ ಕೂರಿಸಿದ ಮೇಲೆಯೇ ಅದು ಹೊರಬರುತ್ತದೆ. ಮನೆ ಮನೆಯಾಯಿತೆಂಬುದಕ್ಕೆ ಅದೊಂದೇ ಗುರುತು. ವಿಮರ್ಶಕರು ಈ ಬೊಂಬೆಯಲ್ಲಿ ನಾಗರಿಕತೆಯ ಸಂಕೇತವನ್ನು ಕಂಡಿದ್ದಾರೆ. ಆ ಓದು ತಪ್ಪಲ್ಲವಾದರೂ ಸಾಲದು. ಒಡೆಯುವ ವಸ್ತುವನ್ನು ಹಲಗೆಯ ಮೇಲಿಡಲು ಇನ್ನು ಸದ್ಯ ಹೊರಡುವುದಿಲ್ಲವೆಂಬ ನಂಬಿಕೆ ಬೇಕು. ಆ ನಂಬಿಕೆಯನ್ನು ಪದೇ ಪದೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಬೇಕಾದವಳು ಆಕೆ. ಡಕೋಟದಲ್ಲಿ ಗಂಡ ಒರೆಗಾನ್‌ನ ಮಾತೆತ್ತಿದಾಗ ಇನ್ನು ಮುಂದೆ ಹೋಗುವುದಿಲ್ಲವೆಂದು ಆಕೆ ನಿಂತದ್ದು ಸರಣಿಯಲ್ಲಿ ಸಣ್ಣ ಸಂಗತಿಯಂತೆ ಬಂದುಹೋಗುತ್ತದೆ. ಕುಟುಂಬದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ನಿರ್ಧಾರ ಬೇರೊಂದಿಲ್ಲ.

1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆಯಲ್ಲಿ ಐದು ವರ್ಷ ಬಾಳಿ ಉಳುಮೆ ಮಾಡಿದವನಿಗೆ ಹಕ್ಕುಪತ್ರ. ಸರ್ಕಾರದೊಡನೆ ಕಟ್ಟಿದ ಪಂದ್ಯವೆಂದು ಅದನ್ನು ಜನ ತಮಾಷೆ ಮಾಡುತ್ತಿದ್ದರು. ಚಾರ್ಲ್ಸ್ ಇಂಗಲ್ಸ್ 1886ರಲ್ಲಿ ಪಂದ್ಯ ಗೆದ್ದ. 1887ರಲ್ಲಿ ಹೊಲ ಬಿಟ್ಟು ಡಿ ಸ್ಮೆಟ್ ಪಟ್ಟಣದಲ್ಲಿ ಮನೆ ಕಟ್ಟಿಕೊಂಡ. 1902ರಲ್ಲಿ ಅಲ್ಲಿಯೇ ತೀರಿಕೊಂಡ. ಲಾರಾಳ ಮದುವೆಯೊಂದಿಗೆ, ಅಂದರೆ 1885ಕ್ಕೆ, ಮುಗಿಯುವ ಸರಣಿ ಇದನ್ನೂ ಹೇಳದೆ ಪಾರಾಗುತ್ತದೆ.

ಹಿಂದಿರುಗುವ ದಾರಿಯನ್ನು ಲೇಖಕಿ ಕಂಡೇ ಇರಲಿಲ್ಲವೆಂದಲ್ಲ. ಬರಗಾಲ, ರೋಗ, ಗಂಡುಮಗುವಿನ ಸಾವು, ಸುಟ್ಟ ಮನೆ, ಇಷ್ಟನ್ನೂ ಅನುಭವಿಸಿದ ಲಾರಾ ಮತ್ತು ಅಲ್ಮಾಂಜೊ ದಂಪತಿ 1894ರ ಜುಲೈನಲ್ಲಿ ಏಳು ವರ್ಷದ ಮಗಳೊಡನೆ ಡಕೋಟ ಬಿಟ್ಟು ಮಿಸೂರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೊರಟರು. ಆ ಪಯಣದ ದಿನಚರಿ ಲೇಖಕಿಯ ಮರಣಾನಂತರ, 1962ರಲ್ಲಿ, 'ಆನ್ ದ ವೇ ಹೋಮ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಕಥನದ ಬಿಗಿಯಿಲ್ಲ. ಬಿಸಿಲಿನ ತಾಪ, ಬೆಳೆಯ ಸ್ಥಿತಿ, ಜಮೀನಿನ ಬೆಲೆ, ದಾರಿಯಲ್ಲಿ ಸಿಕ್ಕ ಗಾಡಿಗಳು ಇಷ್ಟೇ ಇವೆ. ಗಾಡಿಗಳು ಎರಡೂ ದಿಕ್ಕಿನಲ್ಲಿ ಸಾಗುತ್ತಿವೆ: ಇವರು ಹೋಗುತ್ತಿರುವ ಮಿಸೂರಿಯನ್ನು ಬಿಟ್ಟು ಬರುತ್ತಿರುವವರೂ ಎದುರಾಗುತ್ತಾರೆ, ನಿಂತು ಮಾತನಾಡುತ್ತಾರೆ. ಜೇಮ್ಸ್ ನದಿಯ ದಂಡೆಯಲ್ಲಿ ಲಾರಾ ಹಿಂದಿರುಗಿ ನೋಡುತ್ತಾಳೆ. ಕಣಿವೆಯ ಚೆಲುವನ್ನು ಕಂಡು, ತಾನು ಇಂಡಿಯನ್ನಳಾಗಿದ್ದರೆ ಈ ನಾಡನ್ನು ಬಿಡುವ ಮುನ್ನ ಇನ್ನಷ್ಟು ಬಿಳಿಯರ ತಲೆ ತೆಗೆಯುತ್ತಿದ್ದೆನೆಂಬ ಅರ್ಥದ ಮಾತನ್ನು ಬರೆದುಕೊಂಡು, ಮತ್ತೆ ಗಾಡಿ ಏರುತ್ತಾಳೆ.