ಬ್ಯಾಡಾದ ಮಾತು

ಗದಗ ಸೀಮೆಯಲ್ಲಿ ಅಪರಾತ್ರಿ ಫೋನು ಬಂದು "ಅಜ್ಜಾರ ಸೀರಿಯಸ್ ಅದಾರ, ಲಗೂ ಹೊಂಡ್ರಿ" ಎಂದರೆ ಯಾವ ದವಾಖಾನೆ ಎಂದು ಯಾರೂ ಕೇಳುವುದಿಲ್ಲ. ಮೊದಲ ಬಸ್ಸು ಎಷ್ಟಕ್ಕೆ ಎಂದು ನೋಡುತ್ತಾರೆ, ನೆರೆಮನೆಯವರಿಗೆ ಬಾಗಿಲ ಕೀಲಿ ಕೊಡುತ್ತಾರೆ, ಹೊರಡುತ್ತಾರೆ. ಸಾವೆಂಬ ಪದ ಬಾಯಿಗೆ ಬರಬಾರದೆಂದು ಎರವಲು ತಂದ ಇಂಗ್ಲಿಷ್ ಪದಕ್ಕೇ ಈಗ ಸಾವು ಅಂಟಿಕೊಂಡಿದೆ. ಹೀಗಾಗಿ ಹುಬ್ಬಳ್ಳಿಯ ಐಸಿಯುವಿನಲ್ಲಿ ನಿಜವಾಗಿಯೂ ಉಸಿರಾಡುತ್ತಿರುವ ಅಜ್ಜನ ಮನೆಯವರ ಪಾಡು ಬೇರೆ. "ಸೀರಿಯಸ್ ಅಂದ್ರ ಹಂಗಲ್ರೀ, ಅದಾರ, ಖರೇನ ಅದಾರ, ಕೈ ಸನ್ನಿ ಮಾಡ್ತಾರ" ಎಂದು ಬಿಡಿಸಿ ಹೇಳಬೇಕು.

ನಾಣ್ಯ, ಅಂಚೆಚೀಟಿ ಕೂಡಿಡುವವರಿರುವಂತೆ ಪದ ಕೂಡಿಡುವ ಚಟದವರೂ ಇದ್ದಾರೆ. ನಮ್ಮಂಥವರಿಗೆ ಪಾ. ವೆಂ. ಆಚಾರ್ಯರು ಹುಬ್ಬಳ್ಳಿಯ 'ಕಸ್ತೂರಿ'ಯಲ್ಲಿ ಬರೆಯುತ್ತಿದ್ದ 'ಪದಾರ್ಥ ಚಿಂತಾಮಣಿ'ಯೇ ಮೊದಲ ಶಾಲೆ. ಎಲ್ಲರೂ ಚೆಂದದ ಪದಗಳನ್ನು ಕೂಡಿಡುತ್ತಾರೆ. ಜನ ಒಲ್ಲೆನ್ನುವ ಪದಗಳ ಪಟ್ಟಿ ಮಾಡಿ ನೋಡಿ, ಅದರ ರುಚಿ ಇನ್ನೂ ಹೆಚ್ಚು. ಯಾಕೆಂದರೆ ಇಷ್ಟದ ಪದಕ್ಕೆ ಯಾರೂ ಕಾರಣ ಕೊಡುವುದಿಲ್ಲ. ಬ್ಯಾಡಾದ ಪದಕ್ಕೆ ಎಲ್ಲರ ಹತ್ತಿರವೂ ಒಂದು ಕಾರಣ ಇರುತ್ತದೆ, ಮತ್ತು ಅದು ಸಾಮಾನ್ಯವಾಗಿ ನಿಜವಾದ ಕಾರಣ ಆಗಿರುವುದಿಲ್ಲ.

ಅಂಜಿಕೆಯಿಂದ ಬಿಟ್ಟ ಪದಗಳು ನನಗೆ ಬಹಳ ಸೇರುತ್ತವೆ. ದೀಪ ಆರಿಸು ಎನ್ನಬಾರದು, 'ಶಾಂತ ಮಾಡು' ಎನ್ನಬೇಕು. ಕೆಲವು ಮನೆಗಳಲ್ಲಿ 'ದೊಡ್ಡದು ಮಾಡು'. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ರಾತ್ರಿ ಹೊತ್ತು ಹಾವು ಕೇಳಿಸಿಕೊಳ್ಳುತ್ತದೆಂದು ಅದು 'ಹುಳ' ಆಗುತ್ತದೆ. ಕಾಳು ಅಳೆಯುವವನು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, 'ಲಾಭ' ಎಂದು ಶುರುಮಾಡಿ ಎರಡಕ್ಕೆ ಹೋಗುತ್ತಾನೆ. ಮನೆಯಿಂದ ಹೊರಡುವವರು ಹೋಗುವುದಿಲ್ಲ, 'ಬರ್ತಾರೆ'. ಮರಾಠಿಯವರಲ್ಲೂ ಬಳೆ 'ಬೆಳೆಯುತ್ತದೆ', ಅಂಗಡಿ ಮುಚ್ಚುವುದೂ 'ಬೆಳೆಸುವುದೇ'. ಇರದ ಮಾತು ಆಡಿದರೆ ಇರದಿರುವುದೇ ಬಂದು ಕೂಡುತ್ತದೆಂಬ ಭಯ ಎರಡೂ ಭಾಷೆಗಳಿಗೆ ಒಂದೇ. ಕಪ್ಪತಗುಡ್ಡದ ಆಚೀಚೆ ಮಳೆಯನ್ನೇ ನಂಬಿ ಬದುಕಿದ ಸೀಮೆಯಲ್ಲಿ, ಡೋಗಿ ಬರದಂಥ ಬರದ ಹೆಸರನ್ನು ಎರಡು ಶತಮಾನ ಬಾಯಲ್ಲಿ ಉಳಿಸಿಕೊಂಡ ಜನರಲ್ಲಿ, 'ಇಲ್ಲ' ಎಂಬ ಪದಕ್ಕೆ ಅಂಜುವುದು ಮೂಢನಂಬಿಕೆ ಎಂದು ಬೆಂಗಳೂರಿನ ಏಸಿ ಕೋಣೆಯಲ್ಲಿ ಕುಳಿತು ಬರೆಯುವುದು ಸುಲಭ.

ಈ ಅಂಜಿಕೆಯೇ ತಿರುಗಿ ನಿಂತಾಗ ಹುಟ್ಟುವುದು ಹೆಸರುಗಳು. ಮೇಲಿಂದ ಮೇಲೆ ಕೂಸುಗಳು ತೀರಿಹೋದ ಮನೆಯಲ್ಲಿ ಮುಂದಿನ ಕೂಸಿಗೆ ಯಾರೂ ಒಲ್ಲೆನ್ನುವಂಥ ಹೆಸರಿಡುತ್ತಿದ್ದರು. ತಿಪ್ಪಣ್ಣ, ತಿಪ್ಪವ್ವ, ಹುಚ್ಚಪ್ಪ, ಸುಡುಗಾಡೆಪ್ಪ. ಯಮನಿಗೂ ಅಸಹ್ಯ ಬರಲಿ, ಮುಟ್ಟದೆ ಹೋಗಲಿ ಎಂದು. (ಇವುಗಳಲ್ಲಿ ಕೆಲವಕ್ಕೆ ದೇವರ ಮೂಲವೂ ಇದೆ, ವಾದಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ.) ಅಂದರೆ ಕೆಟ್ಟ ಪದವನ್ನು ಬೇಕೆಂದೇ, ಪ್ರೀತಿಯಿಂದ, ಮಗುವಿನ ಮೈಮೇಲೆ ಹೊದಿಸುವುದು. ಅಂಥ ಹೆಸರಿನ ಹುಡುಗ ಕಾಲೇಜಿಗೆ ಹೋದಮೇಲೆ ಹಾಜರಿ ಕೂಗುವಾಗ ತಲೆ ತಗ್ಗಿಸುತ್ತಾನೆ, ನೌಕರಿ ಸಿಕ್ಕ ಮೇಲೆ ಬರೀ ಇನಿಷಿಯಲ್ ಆಗುತ್ತಾನೆ. ಶಿರಹಟ್ಟಿಯ ಸುತ್ತಿನಲ್ಲಿ ಮನೆಗೊಬ್ಬ ಫಕೀರಪ್ಪ, ಫಕೀರವ್ವ ಇದ್ದಾರೆ. ಅಲ್ಲಿನ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವವರಿಗೆ ಆ ಪದ ಪೂಜ್ಯ. ಅದೇ ಪದ ಬೇರೆ ಊರಿನಲ್ಲಿ ದಿಕ್ಕಿಲ್ಲದವನು ಎಂಬ ಬೈಗುಳ.

ಪದದ ಸದ್ದೇ ಕಿವಿಗೆ ಆಗದು ಎಂದು ವಾದಿಸುವವರೂ ಇದ್ದಾರೆ. ಇಂಗ್ಲಿಷಿನವರಿಗೆ 'ಮಾಯಿಸ್ಟ್' ಎಂಬ ಪದ ಕೇಳಿದರೆ ಮೈ ಜುಮ್ಮೆನ್ನುತ್ತದಂತೆ. ತೇವ, ಹಸಿ ಎಂಬಷ್ಟೇ ಅರ್ಥದ ಪಾಪದ ಪದ ಅದು. ಪಾಲ್ ತಿಬೊಡೊ ಎಂಬ ಅಮೆರಿಕದ ಮನೋವಿಜ್ಞಾನಿ ಇದನ್ನೇ ಹಿಡಿದು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಐವರಲ್ಲಿ ಸುಮಾರು ಒಬ್ಬರಿಗೆ ಆ ಪದ ಆಗುತ್ತಿರಲಿಲ್ಲ. ಸದ್ದೇ ಕಾರಣ ಎಂದು ಹಲವರು ಹೇಳಿದರು. ಆದರೆ ಅದೇ ಸದ್ದಿನ 'ಹಾಯಿಸ್ಟ್', 'ಫಾಯಿಸ್ಟ್'ಗಳಿಗೆ ಅವರು ಮುಖ ಸಿಂಡರಿಸಲಿಲ್ಲ. ಮೈಯಿಂದ ಸೋರುವುದರ ನೆನಪೇ ಕಾರಣವಾಗಿತ್ತು. ಕನ್ನಡದಲ್ಲಿ ಇದಕ್ಕೆ ಪ್ರಯೋಗಾಲಯ ಬೇಡ. ಜೊಲ್ಲು ಎಂದರೆ ಮುಖ ತಿರುಗಿಸುವವರು ಕಲ್ಲು, ಹಲ್ಲು, ಬಿಲ್ಲು ಎಂದರೆ ಸುಮ್ಮನಿರುತ್ತಾರೆ. ಕೀವು ಬೇಡ, ಹೂವು ಬೇಕು. ಸದ್ದಿನ ವಾದವನ್ನು ಇಲ್ಲಿಗೇ ಬಿಡೋಣ.

ಪದಗಳ ಬಗ್ಗೆ ಮೂಗು ಮುರಿಯುವ ಚಾಳಿಗೆ ನಮ್ಮ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ದಾಖಲೆ ಇದೆ. ಸುಮಾರು 850ರ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ಊರುಗಳನ್ನು ಹೆಸರಿಸುವಾಗ ಪುಲಿಗೆರೆಯನ್ನು ಸೇರಿಸುತ್ತದೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. 941ರಲ್ಲಿ ಪಂಪ ತನ್ನ ಭಾರತವನ್ನು ಬರೆದದ್ದು ಆ ಊರಿನ ಕನ್ನಡದಲ್ಲೇ ಎಂದು ತಾನೇ ಹೇಳಿಕೊಂಡಿದ್ದಾನೆ. ಅದೇ 'ಕವಿರಾಜಮಾರ್ಗ'ಕ್ಕೆ ಬಳಕೆ ತಪ್ಪಿದ ಹಳಗನ್ನಡ ಪದಗಳನ್ನು ಕಂಡರೆ ಆಗದು. ಅವುಗಳನ್ನು ಬಳಸುವ ಕವಿಯನ್ನು ಮುದುಕಿಯೊಡನೆ ಸರಸಕ್ಕೆ ಹೊರಟವನಿಗೆ ಹೋಲಿಸುತ್ತದೆ. ಇವತ್ತು ಹಾಗೆ ಬರೆದರೆ ಹಳೆಯ ಪದಗಳನ್ನು ಬಿಟ್ಟು ಆ ಹೋಲಿಕೆಯ ಮೇಲೇ ಜನ ಮುಗಿಬೀಳುತ್ತಾರೆ, ಮತ್ತು ಅದು ಸರಿಯೇ.

ಗದಗಿನ ಹತ್ತಿರದ ಮುಳಗುಂದದ ನಯಸೇನ ಇನ್ನೂ ಖಾರ. ಸುಮಾರು 1112ರಲ್ಲಿ 'ಧರ್ಮಾಮೃತ' ಬರೆದವನು ಅವನು. ಸಂಸ್ಕೃತದಲ್ಲಿ ಬರೆಯುವುದಾದರೆ ಪೂರಾ ಸಂಸ್ಕೃತದಲ್ಲೇ ಬರೆಯಿರಿ, ಕನ್ನಡದೊಳಗೆ ತಂದು ಸುರಿಯುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂಬುದು ಅವನ ತಕರಾರು. ಎರಡರಲ್ಲಿ ಯಾವುದು ತುಪ್ಪ, ಯಾವುದು ಎಣ್ಣೆ ಎಂದು ಅವನು ಬಿಡಿಸಿ ಹೇಳಲಿಲ್ಲ, ವ್ಯವಹಾರ ಬಲ್ಲವನು. ಹೀಗೆ ಬೈದವನು ಸಂಸ್ಕೃತವನ್ನು ಬಿಟ್ಟನೇ? ಬಿಡಲಿಲ್ಲ. ಅವನ ಕಾವ್ಯದಲ್ಲಿ ಗಾದೆ, ಹಳ್ಳಿಯ ಹೋಲಿಕೆಗಳ ಜೊತೆಗೆ ಸಂಸ್ಕೃತವೂ ಧಾರಾಳ. ತತ್ಸಮ ಪದಗಳನ್ನು ದೂರವಿಟ್ಟು ಕಾವ್ಯ ಬರೆದು ತೋರಿಸಲು ಮುಂದಿನ ಶತಮಾನದಲ್ಲಿ ಆಂಡಯ್ಯ ಬರಬೇಕಾಯಿತು. ಆಂಡಯ್ಯನ ಹಟಕ್ಕೆ ಮೆಚ್ಚುಗೆ ಇದೆ. ಮತ್ತೆ ಮತ್ತೆ ತೆಗೆದು ಓದುವುದು ಮಾತ್ರ ನಯಸೇನನನ್ನು.

ಆದರೆ ಇವೆಲ್ಲ ಬಲ್ಲವರ ಮುನಿಸು. ಪದವೊಂದು ನಿಜವಾಗಿ ಚುಚ್ಚುವುದು ಅದನ್ನು ಒಬ್ಬರು ಇನ್ನೊಬ್ಬರ ಮೈಗೆ ಹಚ್ಚಿದಾಗ. 1938ರ ಜನವರಿಯಲ್ಲಿ ಮುಂಬೈ ವಿಧಾನಸಭೆಗೆ ಸ್ಥಳೀಯ ಮಂಡಳಿಗಳ ಕಾಯ್ದೆಯ ತಿದ್ದುಪಡಿ ಬಂತು. ಆಗ ಗದಗ, ಮುಂಡರಗಿಗಳು ಧಾರವಾಡ ಜಿಲ್ಲೆಯಲ್ಲಿದ್ದು ಮುಂಬೈ ಪ್ರಾಂತಕ್ಕೆ ಸೇರಿದ್ದವು. ಪರಿಶಿಷ್ಟ ಜಾತಿಗಳನ್ನು ಕಾನೂನಿನಲ್ಲೇ 'ಹರಿಜನ' ಎಂದು ಕರೆಯುವುದು ಆ ತಿದ್ದುಪಡಿಯಲ್ಲಿತ್ತು. ಗಾಂಧೀಜಿ ಒಳ್ಳೆಯ ಮನಸ್ಸಿನಿಂದಲೇ ಬಳಕೆಗೆ ತಂದ ಪದ, ಅವರ ಪತ್ರಿಕೆಯ ಹೆಸರೂ ಅದೇ. ಅಂಬೇಡ್ಕರ್ ಮತ್ತು ಅವರ ಪಕ್ಷದವರು ಈ ಹೆಸರು ನಮಗೆ ಬೇಡ ಎಂದರು. ಸಂಖ್ಯಾಬಲ ಇದ್ದವರು ಕೇಳಲಿಲ್ಲ. ಅಂಬೇಡ್ಕರ್ ತಮ್ಮವರೊಡನೆ ಸಭೆಯಿಂದ ಹೊರನಡೆದರು. ಆ ಪದದಲ್ಲಿ ಬೈಗುಳದ ಒಂದಕ್ಷರವೂ ಇರಲಿಲ್ಲ, ದೇವರ ಹೆಸರೇ ಇತ್ತು. ಆದರೂ ಹಚ್ಚಿಸಿಕೊಳ್ಳುವವರನ್ನು ಕೇಳದೆ ಹಚ್ಚಿದ ಹೆಸರು ಅದು, ಮತ್ತು ಬಾವಿಯ ನೀರು ಮೊದಲಿನಷ್ಟೇ ದೂರವಿತ್ತು. ಸರ್ಕಾರಿ ಕಾಗದಪತ್ರಗಳಲ್ಲಿ ಆ ಪದ ಬೇಡವೆಂದು ಕೇಂದ್ರ ಸರ್ಕಾರ ಸೂಚಿಸಿದ್ದು 1982ರಲ್ಲಿ, ನಲವತ್ತನಾಲ್ಕು ವರ್ಷಗಳ ನಂತರ. ಕೇರಿಯ ಹೆಸರುಗಳಲ್ಲಿ, ಹಿರಿಯರ ಮಾತಿನಲ್ಲಿ ಅದು ಇನ್ನೂ ಓಡಾಡುತ್ತಿದೆ.

ಇದರ ಎದುರಿಗೆ ಇಡಬೇಕಾದ್ದು 'ಬೂಸಾ'. ಗದಗಿನ ಪೇಟೆಯಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿಯ ಮುಂದೆ ನಿಂತು ಆ ಪದ ಕೇಳಿ ಯಾರೂ ಸಿಟ್ಟಾಗುವುದಿಲ್ಲ, ದನಕ್ಕೆ ಪ್ರಿಯವಾದ ಪದಾರ್ಥ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದರು. ಊರೂರಲ್ಲಿ ಗಲಾಟೆ, ಹೊಡೆದಾಟ. ಕೊನೆಗೆ ಅವರ ಮಂತ್ರಿ ಪದವಿಯೇ ಹೋಯಿತು. ಇದಕ್ಕಿಂತ ಹತ್ತು ಪಟ್ಟು ಕಟುವಾಗಿ ಕನ್ನಡ ಸಾಹಿತ್ಯವನ್ನು ಬೈದ ವಿಮರ್ಶಕರಿಗೆ ನಾವು ಶಾಲು ಹೊದಿಸಿದ್ದೇವೆ. ಬಸವಲಿಂಗಪ್ಪ ದಲಿತರು ಎಂಬುದನ್ನು ಬಿಟ್ಟು ಆ ಸಿಟ್ಟಿಗೆ ಲೆಕ್ಕ ಹೊಂದುವುದಿಲ್ಲ. ಬೂಸಾ ಎಂಬ ಪದಕ್ಕಿಂತ ಅದನ್ನು ಆಡಿದ ಬಾಯಿ ಜನರಿಗೆ ಬೇಡವಾಗಿತ್ತು.

ಅದೇ ತಿಂಗಳ ಒಂದನೇ ತಾರೀಕಿಗೆ ಇನ್ನೊಂದು ಬ್ಯಾಡಾದ ಪದ ತೊಲಗಿತ್ತು. 1956ರಲ್ಲಿ ಒಂದಾದ ರಾಜ್ಯಕ್ಕೆ 'ಮೈಸೂರು' ಎಂದು ಹೆಸರಿಟ್ಟದ್ದು ನಮ್ಮ ಕಡೆಯವರಿಗೆ ಒಂದು ದಿನವೂ ಒಗ್ಗಲಿಲ್ಲ. ಏಕೀಕರಣದ ಕೂಗು ಎಬ್ಬಿಸಿದವರು ಇಲ್ಲಿಯವರು, ಕನ್ನಡ ನಾಡಿನ ಉದಯಕ್ಕೆ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನವರು. ಬಾಗಿಲ ಮೇಲಿನ ಹೆಸರು ಮಾತ್ರ ದೊಡ್ಡಣ್ಣನದು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕರ್ನಾಟಕ ಎಂಬ ಹೆಸರಿಗಾಗಿ ಸದನದಲ್ಲಿ ಪಟ್ಟು ಹಿಡಿದದ್ದು ಇದಕ್ಕೇ. ಮೈಸೂರು ಎಂಬ ಪದದಲ್ಲಿ ಏನು ತಪ್ಪಿದೆ? ಏನೂ ಇಲ್ಲ. ಮೈಸೂರು ಪಾಕನ್ನು ಗದಗಿನಲ್ಲಿ ಯಾರೂ ಬೇರೆ ಹೆಸರಿನಿಂದ ಕರೆಯಲಿಲ್ಲ. 'ಮುಂಬೈ ಕರ್ನಾಟಕ' 2021ರಲ್ಲಿ 'ಕಿತ್ತೂರು ಕರ್ನಾಟಕ' ಆದದ್ದೂ ಇದೇ ದಾರಿಯ ಮುಂದಿನ ಹೆಜ್ಜೆ. ಈ ಹೊಸ ಹೆಸರು ಮಾತ್ರ ಜನರ ಬಾಯಲ್ಲಿದ್ದದ್ದಲ್ಲ, ಭಾಷಣದಲ್ಲಿದ್ದದ್ದು.

ಪದ ಬದಲಿಸಿದರೆ ಕಿರಿಕಿರಿ ಹೋಗುತ್ತದೆಯೇ? ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟವರು. ಇಂಥ ಊರಿನಲ್ಲಿ 'ಕುರುಡ' ಎಂಬ ಪದವನ್ನು ಸಭೆಯಲ್ಲಿ ಯಾರೂ ಆಡುವುದಿಲ್ಲ, 'ಅಂಧ' ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ. ಆದರೆ ಸೈಕಲ್ಲು ಡಿಕ್ಕಿಯಾದಾಗ "ಏನಲೇ, ಕುರುಡದಿಯೇನು" ಎಂದು ಒದರುತ್ತಾರೆಯೇ ಹೊರತು "ಅಂಧನೇನು" ಎಂದು ಜಗಳ ತೆಗೆದವರಿಲ್ಲ. ಜಗಳಕ್ಕೆ ಹೋಗದ ಪದ ಮಡಿಯಾಗಿ ಉಳಿಯಿತು. ಸರ್ಕಾರದ ಪದಗಳು ಇಷ್ಟು ಬಾಳುವುದಿಲ್ಲ. ಅಂಗವಿಕಲ ಹೋಗಿ ವಿಕಲಚೇತನ ಬಂತು. ಮೊದಲು ಅಂಗವಷ್ಟೇ ವಿಕಲವಾಗಿತ್ತು, ಈಗ ಚೇತನವೇ ವಿಕಲ! ಕಾಗದದ ಮೇಲೆ ಇದನ್ನು ಮರ್ಯಾದೆ ಎಂದು ಯಾರು ಒಪ್ಪಿದರೋ. 2015ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿ 'ದಿವ್ಯಾಂಗ' ಎಂದರು. ಬಸ್ ಪಾಸಿಗೆ ಅಲೆಯುವವರ ಅಂಗದಲ್ಲಿ ದಿವ್ಯ ಏನಿದೆ ಎಂದು ಅಂಗವೈಕಲ್ಯ ಇರುವವರ ಸಂಘಟನೆಗಳೇ ಕೇಳಿದವು. ನಮ್ಮ ಹಳ್ಳಿಯ ಹೆಂಗಸರು "ಪಾಪ, ಕಣ್ಣ ಕಾಣಂಗಿಲ್ಲ ಅವರಿಗೆ" ಎನ್ನುತ್ತಾರೆ. 'ಪಾಪ' ಒಂದನ್ನು ತೆಗೆದರೆ ಅದಕ್ಕಿಂತ ನೇರವಾದ, ಗೌರವದ ಮಾತು ಯಾವ ಇಲಾಖೆಗೂ ಹೊಳೆದಿಲ್ಲ.

ಪದಗಳು ಹೀಗೆ ಜಾರುವುದು ಹೊಸತಲ್ಲ. ಹನ್ನೆರಡನೇ ಶತಮಾನದ ವಚನಕಾರ್ತಿಯೊಬ್ಬಳನ್ನು ಪಠ್ಯಗಳಲ್ಲಿ ಸೂಳೆ ಸಂಕವ್ವೆ ಎಂದೇ ಕರೆಯುತ್ತೇವೆ. ಆಕೆಯ ಕಸುಬು ಹೇಳುವ ಪದ ಈಗ ಬರೀ ಬೈಗುಳ, ಹೀಗಾಗಿ ತರಗತಿಯಲ್ಲಿ ಆ ಹೆಸರು ಓದುವಾಗ ಮೇಷ್ಟ್ರ ದನಿ ತಗ್ಗುತ್ತದೆ, ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಕೆಲವರು ಬರೀ ಸಂಕವ್ವೆ ಎಂದು ದಾಟಿಸುತ್ತಾರೆ. ನನಗೆ ಅದು ಸೇರದು. ಆಕೆಯನ್ನು ಮಡಿ ಮಾಡುವ ಭರದಲ್ಲಿ ಆಕೆ ಯಾರಾಗಿದ್ದಳು ಎಂಬುದನ್ನೇ ಅಳಿಸಿದಂತಾಯಿತು.

ಇನ್ನು ನಮ್ಮದೇ ಮಾತು ನಮಗೆ ಬ್ಯಾಡಾಗುವುದು. ಪಂಪ ಹೆಮ್ಮೆಪಟ್ಟ ಕನ್ನಡದ ಸೀಮೆಯ ಮಾತು ಸಿನಿಮಾದಲ್ಲಿ ಬಂದರೆ ಬಹುಪಾಲು ನಗಿಸುವುದಕ್ಕೆ ಬರುತ್ತದೆ. 'ಲೇ', 'ಮಗನ' ಎಂಬವು ಇಲ್ಲಿ ಗೆಳೆಯರ ನಡುವಿನ ಸಲುಗೆ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಮೊದಲ ವಾರವೇ ಅವು ಜಗಳ ತಂದಿಡುತ್ತವೆ. ಎರಡನೇ ವರ್ಷಕ್ಕೆ ಹುಡುಗರು 'ಹೌದ್ರೀ' ಬಿಟ್ಟು 'ಹೌದು ಸರ್' ಹಿಡಿಯುತ್ತಾರೆ, ಮನೆಗೆ ಬಂದಾಗ ಅವ್ವನ ಮಾತು ತಿದ್ದಲು ಹೊರಡುತ್ತಾರೆ. ಅಂಬೇಡ್ಕರ್ ಬೇಡವೆಂದದ್ದು ಬೇರೆಯವರು ಹಚ್ಚಿದ್ದನ್ನು. ಇವರು ಬೇಡವೆನ್ನುತ್ತಿರುವುದು ಬೇರೆಯವರು ನಕ್ಕದ್ದನ್ನು. ಎರಡಕ್ಕೂ ಒಂದೇ ತಕ್ಕಡಿ ನಡೆಯದು. ಮೊದಲನೆಯದು ಬಂಡಾಯ, ಎರಡನೆಯದು ಶರಣಾಗತಿ.

ಸಂಬೋಧನೆಗಳ ಗೊಂದಲ ಇನ್ನೊಂದು ಬಗೆ, ಅದರಲ್ಲಿ ನಗು ಹೆಚ್ಚು. ನಮ್ಮ ಬಹಳಷ್ಟು ಮನೆಗಳಲ್ಲಿ ತಾಯಿ ಅವ್ವ, ಅಮ್ಮ ಎಂದರೆ ಅಜ್ಜಿ. ಮೈಸೂರು ಕಡೆಯ ಬ್ಯಾಂಕ್ ಗುಮಾಸ್ತ ಮೂವತ್ತೈದರ ಹೆಣ್ಣುಮಗಳಿಗೆ ಗೌರವದಿಂದ "ಇಲ್ಲಿ ಸೈನ್ ಮಾಡಿ ಅಮ್ಮ" ಎಂದರೆ ಆಕೆಯ ಮುಖ ಯಾಕೆ ಗಡಿಗೆಯಾಯಿತೆಂದು ಅವನಿಗೆ ತಿಳಿಯುವುದೇ ಇಲ್ಲ. 'ಆಂಟಿ'ಯ ಪಾಡು ಇದಕ್ಕಿಂತ ಕಡೆ. ಅದನ್ನು ಒಪ್ಪಿಕೊಂಡ ಹೆಂಗಸು ಗದಗಿನಿಂದ ಬೆಟಗೇರಿಯ ತನಕ ಹುಡುಕಿದರೂ ಸಿಗಲಿಕ್ಕಿಲ್ಲ. ಬೆಟಗೇರಿಯ ಸೀರೆ ಅಂಗಡಿಗಳವರು 'ಅಕ್ಕಾರ' ಎಂಬಲ್ಲಿಗೆ ಬಂದು ನಿಂತಿದ್ದಾರೆ, ಅದು ಎಲ್ಲ ವಯಸ್ಸಿಗೂ ನಡೆಯುತ್ತದೆ. ಹೊಸ ಶೋರೂಮುಗಳು 'ಮೇಡಂ' ಎನ್ನುತ್ತವೆ. ವಯಸ್ಸಿಲ್ಲದ, ಸಂಬಂಧವಿಲ್ಲದ, ಯಾರಿಗೂ ನೋವಾಗದ ಪದ. ಆದರೆ ಮೇಡಂ ಎಂದು ಕರೆದ ಅಂಗಡಿಯಲ್ಲಿ ರೇಟು ಹೆಚ್ಚು ಎಂಬ ಗುಮಾನಿ ನಮ್ಮ ಹೆಂಗಸರಿಗೆ ಬಂದುಬಿಟ್ಟಿದೆ. ಅವರು ಮತ್ತೆ ಅಕ್ಕಾರ ಎನ್ನುವ ಅಂಗಡಿಯ ಕಡೆಗೇ ನಡೆಯುತ್ತಿದ್ದಾರೆ.